ಆರು ಮಿಲಿಮೀಟರಿನ ಬೆಟ್ಟ: ಕಂಬ್ರಿಯಾದ ಫೆಲ್‌ಗಳನ್ನು ಎಣಿಸುವ ಬಗೆ

ಎಲ್ಲರಿಗೂ ನಮಸ್ಕಾರ.

ಒಂದು ಬೆಟ್ಟದಿಂದಲೇ ಮಾತು ಶುರು ಮಾಡುತ್ತೇನೆ. ಇಂಗ್ಲೆಂಡಿನ ವಾಯವ್ಯ ಮೂಲೆಯಲ್ಲಿ ಕಂಬ್ರಿಯಾ ಅನ್ನುವ ಕೌಂಟಿ ಇದೆ. ಕೌಂಟಿ ಅಂದರೆ ಹೆಚ್ಚುಕಡಿಮೆ ನಮ್ಮ ಜಿಲ್ಲೆ ಇದ್ದ ಹಾಗೆ. ಅಲ್ಲಿ ಕಾಫ್ ಟಾಪ್ ಅಂತ ಒಂದು ಹುಲ್ಲುಬೆಟ್ಟ. ಅದರ ಎತ್ತರ 2,000 ಅಡಿಗೆ ತುಸುವೇ ಕಡಿಮೆ ಅಂತ ಬಹಳ ಕಾಲ ಲೆಕ್ಕ ಇತ್ತು. 2016ರಲ್ಲಿ ಬ್ರಿಟನ್ನಿನ ಭೂಮಾಪನ ಸಂಸ್ಥೆ ಆರ್ಡ್‌ನೆನ್ಸ್ ಸರ್ವೆ ಹೊಸ ಲೆಕ್ಕ ಹಾಕಿ, ಅದು 609.606 ಮೀಟರ್ ಅಂತ ಹೇಳಿತು. 2,000 ಅಡಿ ಅಂದರೆ 609.6 ಮೀಟರ್. ಬೆಟ್ಟ ಗೆರೆ ದಾಟಿದ್ದು 6 ಮಿಲಿಮೀಟರಿನಲ್ಲಿ. ಒಂದು ಕಡಲೆಕಾಳಿನಷ್ಟು ಅಂದುಕೊಳ್ಳಿ. ಅಷ್ಟಕ್ಕೇ ಪತ್ರಿಕೆಗಳು ಇಂಗ್ಲೆಂಡಿಗೆ ಹೊಸ ಪರ್ವತ ಸಿಕ್ಕಿತು ಅಂತ ಬರೆದವು.

ಬೆಟ್ಟ ಬೆಳೆದಿರಲಿಲ್ಲ. ಹಾಗಾದರೆ ಬದಲಾಗಿದ್ದು ಏನು? ಸಮುದ್ರ ಮಟ್ಟ ಎಲ್ಲಿದೆ ಅನ್ನುವ ಲೆಕ್ಕ. ಎತ್ತರವನ್ನು ಸಮುದ್ರ ಮಟ್ಟದಿಂದ ಅಳೆಯುತ್ತೇವೆ ಅಂತ ಶಾಲೆಯಲ್ಲೇ ಓದಿದ್ದೇವೆ, ಅಲ್ವಾ? ಆದರೆ ಬೆಟ್ಟದ ಕೆಳಗೆ ಸಮುದ್ರ ಇರುವುದಿಲ್ಲ. ಬ್ರಿಟನ್ನಿನ ಎತ್ತರಗಳೆಲ್ಲ ದಕ್ಷಿಣದ ಕಾರ್ನ್‌ವಾಲ್ ಕರಾವಳಿಯ ನ್ಯೂಲಿನ್ ಅನ್ನುವ ಬಂದರಿನಿಂದ ಹೊರಡುತ್ತವೆ. ಅಲ್ಲಿ 1915ರಿಂದ 1921ರವರೆಗೆ ಉಬ್ಬರ ಇಳಿತವನ್ನು ಅಳೆದು ಸರಾಸರಿ ತೆಗೆದರು. ಆ ಸರಾಸರಿಯೇ ಸೊನ್ನೆ. ಇವತ್ತು ಬೆಟ್ಟದ ತುದಿಯಲ್ಲಿ ಜಿಪಿಎಸ್ ಯಂತ್ರವನ್ನು ಗಂಟೆಗಟ್ಟಲೆ ನಿಲ್ಲಿಸಿದರೂ ಅದು ನೇರವಾಗಿ ಸಮುದ್ರದಿಂದ ಎತ್ತರ ಹೇಳುವುದಿಲ್ಲ. ಭೂಮಿಯ ಒಂದು ನುಣುಪಾದ ಲೆಕ್ಕದ ಆಕಾರದಿಂದ ಎತ್ತರ ಹೇಳುತ್ತದೆ. ಅದನ್ನು ನ್ಯೂಲಿನ್ ಸೊನ್ನೆಗೆ ಹೊಂದಿಸಲು ಇನ್ನೊಂದು ಲೆಕ್ಕ ಬೇಕು. ಆ ಲೆಕ್ಕವನ್ನು ಸುಧಾರಿಸಿದಾಗ ಕಾಫ್ ಟಾಪ್ ಮೇಲಕ್ಕೆ ಬಂತು.

ಉಪಗ್ರಹ ಬರುವ ಮೊದಲು ಈ ಕೆಲಸವನ್ನು ಬೆಟ್ಟದಿಂದ ಬೆಟ್ಟಕ್ಕೆ ದುರ್ಬೀನು ಹಿಡಿದು, ತ್ರಿಕೋನ ಹಾಕುತ್ತಾ ಮಾಡುತ್ತಿದ್ದರು. ಕಂಬ್ರಿಯಾದ ಪಕ್ಕದ ಯಾರ್ಕ್‌ಷೈರಿನಲ್ಲಿ ಹುಟ್ಟಿದ ವಿಲಿಯಂ ಲ್ಯಾಂಬ್ಟನ್, 1800ರಲ್ಲಿ ಇದೇ ವಿಧಾನಕ್ಕೆ ಬೇಕಾದ ಆಧಾರ ರೇಖೆಯನ್ನು ನಮ್ಮ ಬೆಂಗಳೂರಿನಲ್ಲಿ ಸರಪಳಿ ಹಿಡಿದು ಅಳೆದ. ಬ್ರಿಟನ್ನಿನಲ್ಲಿ 1936ರಿಂದ ಇಡೀ ದೇಶವನ್ನು ಹೊಸದಾಗಿ ಅಳೆಯಲು ಸಾವಿರಾರು ಬೆಟ್ಟಗಳ ಮೇಲೆ ಸೊಂಟಕ್ಕಿಂತ ತುಸು ಎತ್ತರದ ಕಂಬಗಳನ್ನು ಕಟ್ಟಿದರು. ಅವುಗಳ ಕೆಲಸ ಮುಗಿದಿದೆ. ಆದರೂ ಹತ್ತಿ ಬಂದವರು ಇವತ್ತಿಗೂ ಆ ಕಂಬವನ್ನು ಮುಟ್ಟಿ, ಅದಕ್ಕೆ ಒರಗಿ ನಿಂತು ಉಸಿರು ಬಿಡುತ್ತಾರೆ.

ಈಗ ಬೆಟ್ಟ, ಗುಡ್ಡ ಅನ್ನುವ ಮಾತಿಗೆ ಬರೋಣ. ಕನ್ನಡದಲ್ಲಿ ದಿಬ್ಬ, ಗುಡ್ಡ, ಬೆಟ್ಟ, ಗಿರಿ ಅಂತೀವಿ. ಎಷ್ಟು ಅಡಿ ದಾಟಿದರೆ ಗುಡ್ಡ ಬೆಟ್ಟವಾಗುತ್ತದೆ ಅಂತ ಯಾರೂ ಕೇಳುವುದಿಲ್ಲ. ಇಂಗ್ಲೆಂಡಿನಲ್ಲಿ ಕೇಳುತ್ತಾರೆ, ಆದರೆ ಉತ್ತರ ಒಂದೇ ಇಲ್ಲ. ನಡೆಯುವವರ ರೂಢಿಯಲ್ಲಿ 2,000 ಅಡಿ ದಾಟಿದ್ದು ಪರ್ವತ. ಬಯಲಲ್ಲಿ ಓಡಾಡುವ ಹಕ್ಕು ಕೊಡಲು 2000ದಲ್ಲಿ ಮಾಡಿದ ಕಾನೂನಿನಲ್ಲಿ 600 ಮೀಟರ್‌ಗಿಂತ ಮೇಲಿನ ನೆಲವೆಲ್ಲ ಪರ್ವತ. ಅಂದರೆ ಕಾಫ್ ಟಾಪ್‌ನ ತುದಿ ಕಾನೂನಿನ ಕಣ್ಣಿಗೆ ಮೊದಲೇ ಪರ್ವತವಾಗಿತ್ತು.

ಕಂಬ್ರಿಯಾದವರು ಗುಡ್ಡ, ಪರ್ವತ ಎರಡೂ ಪದ ಬಳಸುವುದು ಕಡಿಮೆ. ಅವರದ್ದು ಫೆಲ್. ಸಾವಿರ ವರ್ಷದ ಹಿಂದೆ ಬಂದು ನೆಲೆಸಿದ ನಾರ್ಸ್ ಜನರ ಮಾತು ಅದು. ಅಲ್ಲಿನ ಹಳ್ಳಕ್ಕೆ ಬೆಕ್, ಬೆಟ್ಟದ ಮೇಲಿನ ಕೊಳಕ್ಕೆ ಟಾರ್ನ್. ಅವೂ ಅದೇ ಜನ ಬಿಟ್ಟುಹೋದ ಪದಗಳು. 1974ರಲ್ಲಿ ಕಂಬರ್ಲೆಂಡ್, ವೆಸ್ಟ್‌ಮರ್ಲೆಂಡ್, ಜೊತೆಗೆ ಲ್ಯಾಂಕಶೈರ್ ಮತ್ತು ಯಾರ್ಕ್‌ಷೈರಿನ ತುಂಡುಗಳನ್ನು ಸೇರಿಸಿ ಈ ಕೌಂಟಿ ಮಾಡಿದರು. ಇಂಗ್ಲೆಂಡಿನ ಅತಿ ಎತ್ತರದ ಜಾಗ ಸ್ಕಾಫೆಲ್ ಪೈಕ್ ಇರುವುದು ಇಲ್ಲೇ. 978 ಮೀಟರ್. ನಮ್ಮ ಮುಳ್ಳಯ್ಯನಗಿರಿಯ ಅರ್ಧ. ಎತ್ತರ ಕೇಳಿ ಸಣ್ಣದು ಅಂದುಕೊಳ್ಳಬೇಡಿ. ಹತ್ತುವುದು ಸಮುದ್ರ ಮಟ್ಟಕ್ಕೆ ಹತ್ತಿರದ ಕಣಿವೆಯಿಂದ. ಮಂಜು ಕವಿದರೆ ಮೂರು ಮಾರು ಆಚೆಗೆ ದಾರಿ ಕಾಣುವುದಿಲ್ಲ.

ಪಟ್ಟಿ ಮಾಡುವ ಹುಚ್ಚು ಸ್ಕಾಟ್ಲೆಂಡಿನಲ್ಲಿ ಶುರುವಾಯಿತು. 1891ರಲ್ಲಿ ಹ್ಯೂ ಮನ್ರೋ ಅಲ್ಲಿನ 3,000 ಅಡಿ ಮೀರಿದ ಬೆಟ್ಟಗಳ ಪಟ್ಟಿ ಪ್ರಕಟಿಸಿದ. ಅವಕ್ಕೆ ಮನ್ರೋ ಅಂತಲೇ ಹೆಸರಾಯಿತು. ಪಟ್ಟಿ ಮಾಡಲು ಕೂತವರಿಗೆಲ್ಲ ಒಂದು ತೊಡಕು ಎದುರಾಗುತ್ತದೆ. ಒಂದು ಉದ್ದನೆಯ ಏಣಿನ ಮೇಲೆ ಐದು ಉಬ್ಬು ಇವೆ ಅನ್ನಿ. ಐದೂ 3,000 ಅಡಿ ಮೀರಿವೆ. ಅದು ಐದು ಬೆಟ್ಟವೋ, ಒಂದೇ ಬೆಟ್ಟವೋ? ಮನ್ರೋ ಇದನ್ನು ತನ್ನ ಅಂದಾಜಿನಲ್ಲೇ ತೀರ್ಮಾನಿಸಿದ. ಆಮೇಲಿನವರು ಅಳತೆ ಇಟ್ಟರು. ಎರಡು ತುದಿಗಳ ನಡುವೆ ನೆಲ ಎಷ್ಟು ಇಳಿಯುತ್ತದೆ ಅಂತ ನೋಡಿದರು. 2,000 ಅಡಿ ಮೀರಿ, 30 ಮೀಟರ್ ಇಳಿತ ಇದ್ದರೆ ಹ್ಯೂವಿಟ್. 15 ಮೀಟರ್ ಸಾಕು ಅಂದರೆ ನಟಾಲ್.

ಇದು ಸ್ವಲ್ಪ ನಿಧಾನವಾಗಿ ನೋಡಬೇಕಾದ ವಿಷಯ. ನಿಮ್ಮ ಮುಂದೆ ಒಂದು ಬೆಟ್ಟದ ಸಾಲು ಇದೆ. ಕೆಳಗಿನಿಂದ ನೀರು ಏರುತ್ತಾ ಬರುತ್ತಿದೆ ಅಂದುಕೊಳ್ಳಿ. ಕಣಿವೆ ಮುಳುಗಿತು, ಇಳಿಜಾರು ಮುಳುಗಿತು. ನೀವು ನಿಂತ ಬೆಟ್ಟಕ್ಕೂ ಅದಕ್ಕಿಂತ ಎತ್ತರದ ನೆಲಕ್ಕೂ ನಡುವೆ ಇರುವ ತಗ್ಗಿಗೆ ನೀರು ಬರುತ್ತಿದ್ದ ಹಾಗೆ ನಿಮ್ಮ ಬೆಟ್ಟ ದ್ವೀಪವಾಗುತ್ತದೆ. ಆ ಕ್ಷಣ ನೀರಿನ ಮೇಲೆ ಎಷ್ಟು ಬೆಟ್ಟ ಉಳಿದಿದೆಯೋ ಅಷ್ಟೇ ಅದರ ಸ್ವಂತದ್ದು. ಉಳಿದದ್ದು ನೆರೆಯವರ ಹೆಗಲ ಮೇಲೆ ನಿಂತದ್ದು. ಹಾಗಾಗಿ ಒಂದು ಬೆಟ್ಟವನ್ನು ಅಳೆಯಲು ಹೊರಟವರು ತುದಿಗೆ ಹೋದರೆ ಸಾಲದು. ಪಕ್ಕದ ತಗ್ಗಿಗೂ ಹೋಗಿ ಅಳೆಯಬೇಕು.

1992ರಲ್ಲಿ ಆಲನ್ ಡಾಸನ್ ಈ ಒಂದೇ ನಿಯಮ ಇಟ್ಟುಕೊಂಡು ಇಡೀ ಬ್ರಿಟನ್ನಿಗೆ ಪಟ್ಟಿ ಮಾಡಿದ. ಸಮುದ್ರದಿಂದ ಎಷ್ಟಾದರೂ ಎತ್ತರ ಇರಲಿ, 150 ಮೀಟರ್ ಸ್ವಂತ ಏರು ಇರಬೇಕು. ಮನ್ರೋ ಅನ್ನುವ ಹೆಸರು ಮೊದಲೇ ಇದ್ದದ್ದರಿಂದ ಇವಕ್ಕೆ ಮ್ಯಾರಿಲಿನ್ ಅಂತ ಹೆಸರಿಟ್ಟ, ಚಿತ್ರನಟಿ ಮ್ಯಾರಿಲಿನ್ ಮನ್ರೋ ನೆನಪಿಗೆ. ಒಂದೂವರೆ ಸಾವಿರಕ್ಕೂ ಜಾಸ್ತಿ ಮ್ಯಾರಿಲಿನ್‌ಗಳಿವೆ. ನನಗೆ ಎಲ್ಲ ಪಟ್ಟಿಗಳಿಗಿಂತ ಇದೇ ಇಷ್ಟ. ಯಾರೂ ತಿರುಗಿ ನೋಡದ ಊರ ಪಕ್ಕದ ಗುಡ್ಡಗಳಿಗೆ ಮರ್ಯಾದೆ ಕೊಟ್ಟ ಪಟ್ಟಿ ಇದು.

ಕಂಬ್ರಿಯಾದಲ್ಲೇ ಇದರ ಪರಿಣಾಮ ನೋಡಿ. ದಕ್ಷಿಣದ ಕಡಲ ಅಂಚಿನಲ್ಲಿ ಆರ್ನ್‌ಸೈಡ್ ನಾಟ್ ಅಂತ ಸುಣ್ಣಕಲ್ಲಿನ ಗುಡ್ಡ ಇದೆ. ಎತ್ತರ 159 ಮೀಟರ್. ಮನೆಯಲ್ಲಿ ಊಟ ಮುಗಿಸಿ ಹೋಗಿ ಕತ್ತಲಾಗುವ ಮೊದಲು ಬರಬಹುದು. ಸುತ್ತಲಿನ ನೆಲ ಸಮುದ್ರ ಮಟ್ಟಕ್ಕೇ ಅಂಟಿಕೊಂಡಿದೆ, ಆದ್ದರಿಂದ ಅದರ ಎತ್ತರ ಹೆಚ್ಚುಕಡಿಮೆ ಎಲ್ಲ ಅದರದ್ದೇ. ಅದು ಮ್ಯಾರಿಲಿನ್. ಇನ್ನು ಸ್ಕಾಫೆಲ್. ಸ್ಕಾಫೆಲ್ ಪೈಕ್‌ನ ಪಕ್ಕದ ಬೆಟ್ಟ, 964 ಮೀಟರ್, ಇಂಗ್ಲೆಂಡಿಗೇ ಎರಡನೆಯದು. ಒಂದು ಕಾಲದಲ್ಲಿ ಇದೇ ಹೆಚ್ಚು ಎತ್ತರ ಅಂತ ಜನ ನಂಬಿದ್ದರು. ಅದು ಮ್ಯಾರಿಲಿನ್ ಅಲ್ಲ! ಎರಡರ ನಡುವಿನ ತಗ್ಗು 830 ಮೀಟರ್ ಆಸುಪಾಸಿನಲ್ಲಿದೆ. ಸ್ಕಾಫೆಲ್‌ನ ಸ್ವಂತ ಏರು 130 ಚಿಲ್ಲರೆ. 150 ಮುಟ್ಟಲಿಲ್ಲ.

ಆ ತಗ್ಗಿನಲ್ಲಿ ನಾನು ನಿಂತಿದ್ದೇನೆ. ಅದಕ್ಕೆ ಮಿಕಲ್‌ಡೋರ್ ಅಂತ ಹೆಸರು. ದೊಡ್ಡ ಬಾಗಿಲು ಅಂತ ಅರ್ಥ. ಕಿರಿದಾದ ಕಲ್ಲಿನ ಏಣು. ಗಾಯಗೊಂಡವರನ್ನು ಸಾಗಿಸುವ ಸ್ಟ್ರೆಚರ್ ಇಟ್ಟ ಒಂದು ಪೆಟ್ಟಿಗೆ ಅಲ್ಲೇ ಇದೆ. ಒಂದು ಕಡೆ ಪೈಕ್‌ಗೆ ಹೋಗುವ ದಾರಿ. ಬಂಡೆ ತುಂಬಿದ್ದರೂ ನಡೆದುಕೊಂಡೇ ಹೋಗಬಹುದು. ಇನ್ನೊಂದು ಕಡೆ ಸ್ಕಾಫೆಲ್, ಗೋಡೆ ನಿಂತ ಹಾಗೆ. ನೇರಕ್ಕೆ ಹತ್ತಬೇಕಾದರೆ ಬ್ರಾಡ್ ಸ್ಟ್ಯಾಂಡ್ ಅನ್ನುವ ಕಲ್ಲಿನ ಮೆಟ್ಟಿಲು ಸರಣಿ ಇದೆ. ಮೆಟ್ಟಿಲು ಅಂದೆ ಅಂತ ಮೋಸ ಹೋಗಬೇಡಿ. ಒಂದೊಂದೂ ಆಳೆತ್ತರ. 1802ರ ಆಗಸ್ಟ್‌ನಲ್ಲಿ ಕವಿ ಕೋಲ್‌ರಿಜ್ ಸ್ಕಾಫೆಲ್ ತುದಿಯಿಂದ ಇದೇ ದಾರಿಯಲ್ಲಿ ಇಳಿದ. ಒಂದು ಅಂಚಿಗೆ ಕೈಯಲ್ಲಿ ಜೋತುಬಿದ್ದು ಕೆಳಗಿನದಕ್ಕೆ ಧುಮುಕುತ್ತಾ, ಮತ್ತೆ ಮೇಲೆ ಹತ್ತಲಾಗದೆ, ಇಳಿದಷ್ಟೂ ಕೈಕಾಲು ನಡುಗುತ್ತಿದ್ದವು ಅಂತ ಪತ್ರದಲ್ಲಿ ಬರೆದಿದ್ದಾನೆ. ಅನೇಕ ಅಪಘಾತ ಆದ ಜಾಗ ಅದು. ಹಗ್ಗ, ಅನುಭವ ಇಲ್ಲದವರು ಹೋಗಬಾರದು. ನಮ್ಮಂಥವರು ಮಿಕಲ್‌ಡೋರ್‌ನಿಂದ ಇನ್ನೂ ಕೆಳಗೆ ಇಳಿದು, ನೀರು ಹರಿಯುವ ಕೊರಕಲಿನಲ್ಲಿ ಫಾಕ್ಸಸ್ ಟಾರ್ನ್ ಕಡೆಗೆ ಹತ್ತಿ, ಸುತ್ತಿಕೊಂಡು ತುದಿ ಸೇರಬೇಕು. ಕಣ್ಣೆದುರಿಗೇ ಇರುವ ಬೆಟ್ಟ, ಹೋಗಲು ಅಷ್ಟು ಹೊತ್ತು. ಪಟ್ಟಿಯ ನಿಯಮದಲ್ಲಿ ಈ ಬೆಟ್ಟ ಪೈಕ್‌ನ ಬಾಲ. ಅಲ್ಲಿ ನಿಂತವರ ಮೊಣಕಾಲನ್ನು ಕೇಳಿದರೆ ಇದರಷ್ಟು ಬೇರೆಯಾದ ಬೆಟ್ಟ ಇನ್ನೊಂದಿಲ್ಲ. ಎರಡೂ ನಿಜವೇ. ಸಂಖ್ಯೆ ತಗ್ಗಿನ ಆಳವನ್ನು ಮಾತ್ರ ಹಿಡಿಯುತ್ತದೆ, ಎಷ್ಟು ಕಡಿದಾಗಿದೆ ಅನ್ನುವುದನ್ನು ಹಿಡಿಯುವುದಿಲ್ಲ.

ಸಂಖ್ಯೆಯೇ ಇಲ್ಲದ ಪಟ್ಟಿಯೂ ಒಂದಿದೆ. ಆಲ್ಫ್ರೆಡ್ ವೇನ್‌ರೈಟ್ ಬ್ಲ್ಯಾಕ್‌ಬರ್ನ್ ಅನ್ನುವ ಗಿರಣಿ ಊರಿನವರು. 1930ರಲ್ಲಿ ಮೊದಲ ಸಲ ಓರೆಸ್ಟ್ ಹೆಡ್ ಅನ್ನುವ ಪುಟ್ಟ ಗುಡ್ಡ ಹತ್ತಿ ಈ ಸೀಮೆಯನ್ನು ನೋಡಿದರು. ಆಮೇಲೆ ಕೆಂಡಲ್ ಪುರಸಭೆಯ ಲೆಕ್ಕದ ಕಚೇರಿಯಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಉಳಿದರು. ವಾರವಿಡೀ ಕಚೇರಿ, ರಜೆ ದಿನ ಬಸ್ಸು ಹಿಡಿದು ಬೆಟ್ಟ. ಕಾರು ಓಡಿಸುತ್ತಿರಲಿಲ್ಲ. 1955ರಿಂದ 1966ರೊಳಗೆ ಏಳು ಕೈಪಿಡಿ ಬಂದವು. ಅಕ್ಷರ, ಚಿತ್ರ, ನಕ್ಷೆ ಎಲ್ಲ ಅವರ ಕೈಬರಹವೇ. ಅದರಲ್ಲಿ 214 ಫೆಲ್‌ಗಳಿವೆ. ಇವತ್ತು ಸುಮ್ನೆ ವೇನ್‌ರೈಟ್ಸ್ ಅಂದರೆ ಸಾಕು, ಅವೇ. ಇಷ್ಟು ಅಡಿ, ಇಷ್ಟು ಇಳಿತ ಅನ್ನುವ ನಿಯಮವಿಲ್ಲ. ಕ್ಯಾಸಲ್ ಕ್ರ್ಯಾಗ್ ಬರೀ 290 ಮೀಟರ್, ಆದರೂ ಇದೆ. ಅವರಿಗೆ ಅತಿ ಪ್ರಿಯವಾದ ಹೇಸ್ಟ್ಯಾಕ್ಸ್ 597 ಮೀಟರ್, ಯಾವ ಪರ್ವತದ ಗೆರೆಯನ್ನೂ ದಾಟುವುದಿಲ್ಲ. 1991ರಲ್ಲಿ ಅವರು ತೀರಿಕೊಂಡ ಮೇಲೆ ಚಿತಾಭಸ್ಮವನ್ನು ಅಲ್ಲಿನ ಕೊಳದ ದಡದಲ್ಲೇ ಹರಡಿದರು. ಎಲ್ಲಕ್ಕೂ ಮೊದಲು ಹತ್ತಿದ ಓರೆಸ್ಟ್ ಹೆಡ್ ಮಾತ್ರ ಆ 214ರಲ್ಲಿ ಇಲ್ಲ.

ಈ ಪಟ್ಟಿಗಳೆಲ್ಲ ತುದಿ ಹುಡುಕಿಕೊಂಡು ಹೋಗುವವರದ್ದು. ಅಲ್ಲಿನ ಕುರಿಗಾಹಿಗಳಿಗೆ ಫೆಲ್ ಅಂದರೆ ತುದಿಯಲ್ಲ, ಹೊಲದ ಕೊನೆಯ ಕಲ್ಲಿನ ಗೋಡೆಯ ಆಚೆಗಿನ ಮೇವಿನ ಬೆಟ್ಟ. ಆ ಬೆಟ್ಟದಲ್ಲಿ ಬೇಲಿ ಇಲ್ಲ. ಹರ್ಡ್‌ವಿಕ್ ಕುರಿಗಳಿಗೆ ತಮ್ಮ ಪಾಲಿನ ಜಾಗ ಎಲ್ಲಿಗೆ ಮುಗಿಯುತ್ತದೆ ಅಂತ ಗೊತ್ತು. ಅದಕ್ಕೆ ಹೀಫ್ ಅನ್ನುತ್ತಾರೆ. ಕಪ್ಪಗೆ ಹುಟ್ಟುವ ಮರಿ ತಾಯಿಯ ಹಿಂದೆ ಮೇಯುತ್ತಾ ಅದನ್ನು ಕಲಿಯುತ್ತದೆ, ದೊಡ್ಡದಾಗಿ ತನ್ನ ಮರಿಗೆ ಕಲಿಸುತ್ತದೆ. 2001ರಲ್ಲಿ ಕಾಲುಬಾಯಿ ರೋಗ ಬಂದಾಗ ಕಂಬ್ರಿಯಾದಷ್ಟು ಪೆಟ್ಟು ತಿಂದ ಕೌಂಟಿ ಇನ್ನೊಂದಿಲ್ಲ. ಮಂದೆ ಮಂದೆಯನ್ನೇ ಕೊಂದರು. ಹೊಸ ಕುರಿ ಕೊಂಡು ತರಬಹುದಿತ್ತು. ಗಡಿ ಗೊತ್ತಿದ್ದ ತಾಯಿಕುರಿಗಳನ್ನು ಎಲ್ಲಿಂದ ತರುವುದು? ಹೊಸ ಮಂದೆಗೆ ಬೆಟ್ಟ ಪರಿಚಯವಾಗುವವರೆಗೆ ಜನ ತಾವೇ ನಿಂತು ಕಾಯಬೇಕಾಯಿತು.

ಹಿಂದಿನ ಮೇಜಿನ ಮೇಲೆ ಆ ಸೀಮೆಯ ನಕ್ಷೆ ಹರಡಿದ್ದೇನೆ. ಸ್ಕಾಫೆಲ್ ಪೈಕ್ ಮೇಲೆ ಬೆರಳಿಟ್ಟು ನೈರುತ್ಯಕ್ಕೆ ಸ್ವಲ್ಪ ಜಾರಿಸಿ. ಎತ್ತರದ ಗೆರೆಗಳು ಎರಡೂ ಕಡೆಯಿಂದ ಒತ್ತಿ ಬಂದು ಸೊಂಟದ ಹಾಗೆ ಸಣ್ಣದಾಗುವ ಒಂದು ಜಾಗ ಸಿಗುತ್ತದೆ. ಅದೇ ಮಿಕಲ್‌ಡೋರ್. ಬನ್ನಿ, ನೋಡೋಣ.