ಕೆಲಸ ಬಿಟ್ಟವನಿಗೆ ರೊಕ್ಕ ಯಾಕೆ ಅಂದ್ರಾ? ಅದು ಅವನದೇ ರೊಕ್ಕ ರೀ!

ನಮಸ್ಕಾರ ರೀ ಎಲ್ಲರಿಗೂ. ಗಂಗಾವತಿಯಿಂದ ಮಾತಾಡ್ತಾ ಇದ್ದೇನೆ. ಫ್ಯಾನ್ ಸದ್ದು ಕೇಳಿದರೆ ಬೈಬೇಡಿ. ಈ ಬಿಸಿಲಲ್ಲಿ ಫ್ಯಾನ್ ಆರಿಸಿ ರೆಕಾರ್ಡ್ ಮಾಡಿದರೆ ಮುಂದಿನ ವಿಡಿಯೊಗೆ ನಾನೇ ಇರುವುದಿಲ್ಲ.

ಹೋದ ಸಲ ಸಿಂಧನೂರು ಕಡೆಯ ಒಬ್ಬ ಹುಡುಗನ ಬಗ್ಗೆ ಹೇಳಿದ್ದೆ. ಸಾಲ ವಸೂಲಿ ಕೆಲಸ. ಬೆಳಿಗ್ಗೆ ಏಳಕ್ಕೆ ಸಂಘದ ಹೆಣ್ಣುಮಕ್ಕಳ ಮುಂದೆ ಹೋಗಿ ಕೂರಬೇಕು. ಕಂತು ಬರಲಿಲ್ಲ ಅಂದರೆ ರಾತ್ರಿಯಾದರೂ ಅವರ ಮನೆಕಟ್ಟೆ ಬಿಟ್ಟು ಏಳುವ ಹಾಗಿಲ್ಲ. ಆ ಕಡೆ ಅವರ ಶಾಪ, ಈ ಕಡೆ ಮ್ಯಾನೇಜರ್ ಬೈಗುಳ. ನಿದ್ದೆ ಹೋಯಿತು, ಊಟ ಸೇರಲಿಲ್ಲ, ಕೊನೆಗೆ ಕೆಲಸ ಬಿಟ್ಟ. ಇಂಥವನಿಗೆ ಎರಡು ಮೂರು ತಿಂಗಳು ಏನಾದರೂ ಆಸರೆ ಬೇಡವಾ ಅಂತ ಕೇಳಿದ್ದೆ, ಅಷ್ಟೇ.

ಕೆಳಗೆ ಒಬ್ಬ ಅಣ್ಣ ಬರೆದಿದ್ದಾರೆ: "ತಾನಾಗಿ ಕೆಲಸ ಬಿಟ್ಟ ಸೋಮಾರಿಗೆ ಸರ್ಕಾರದ ರೊಕ್ಕ ಯಾಕೆ ಕೊಡಬೇಕು?" ಅದಕ್ಕೆ ನಗುವ ಮುಖಗಳು ಬೇರೆ.

ಅಣ್ಣಾ, ಯಾವ ಸರ್ಕಾರದ ರೊಕ್ಕ? ನಿಮ್ಮ ಪಗಾರ ಚೀಟಿ ತೆಗೀರಿ. ಇಎಸ್‌ಐ, ಅಂದರೆ ಕಾರ್ಮಿಕರ ರಾಜ್ಯ ವಿಮೆ, ಅಂತ ಒಂದು ಸಾಲು ಇದೆಯಾ? ತಿಂಗಳಿಗೆ 21,000ದವರೆಗೆ ಪಗಾರ ಇರುವವರದು ಶೇಕಡಾ 0.75 ಹೋಗುತ್ತದೆ. ಮಾಲೀಕರು 3.25 ಹಾಕುತ್ತಾರೆ. 18,000 ಪಗಾರದವನ ಲೆಕ್ಕ ಹಿಡಿಯಿರಿ. ಅವನ ಕೈಯಿಂದ 135, ಮಾಲೀಕರಿಂದ 585. ಒಟ್ಟು 720. ವರ್ಷಕ್ಕೆ 8,640. ಇದರಲ್ಲಿ ಸರ್ಕಾರ ಎಲ್ಲಿ ಬಂತು? ಅದು ದುಡಿದವನ ರೊಕ್ಕ.

ಇಎಸ್‌ಐನಲ್ಲಿ ಕೆಲಸ ಕಳಕೊಂಡವರಿಗೆ ಯೋಜನೆಗಳೂ ಇವೆ. ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ ಯೋಜನೆ 2018ರಲ್ಲಿ ಬಂತು. 90 ದಿನದವರೆಗೆ ಸರಾಸರಿ ಪಗಾರದ ಅರ್ಧ. ಆದರೆ ದುರ್ನಡತೆಗೆ ಹೊರಬಿದ್ದವನಿಗೆ ಇಲ್ಲ, ಸ್ವಯಂ ನಿವೃತ್ತಿ ತಗೊಂಡವನಿಗೆ ಇಲ್ಲ. ಒತ್ತಡ ತಾಳದೆ ಬಿಟ್ಟವನ ಬಗ್ಗೆ ಒಂದು ಸಾಲೂ ಇಲ್ಲ. ಅದಕ್ಕೂ ಮೊದಲು, 2005ರಲ್ಲಿ, ರಾಜೀವ್ ಗಾಂಧಿ ಶ್ರಮಿಕ್ ಕಲ್ಯಾಣ ಯೋಜನೆ ಬಂದಿತ್ತು. ಅದಕ್ಕೆ ಕಾರ್ಖಾನೆ ಮುಚ್ಚಿರಬೇಕು, ಇಲ್ಲ ಮಾಲೀಕರು ಆಳು ಕಡಿಮೆ ಮಾಡಿರಬೇಕು, ಇಲ್ಲ ಶಾಶ್ವತ ಅಂಗವೈಕಲ್ಯ ಆಗಿರಬೇಕು. ಕಾಲು ಹೋದರೆ ಕಾರಣ, ತಲೆ ಕೆಟ್ಟರೆ ಅದು ಕಾರಣ ಅಲ್ಲ! ರೊಕ್ಕ ಕಡಿಯುವಾಗ ಮಾತ್ರ ಯಾರೂ ಇದನ್ನು ಹೇಳಲಿಲ್ಲ.

"ಬೈಕ್ ವಿಮೆ ಕಟ್ತೀಯ, ಆಕ್ಸಿಡೆಂಟ್ ಆಗದಿದ್ದರೆ ವಾಪಸ್ ಕೇಳ್ತೀಯಾ?" ಅಂತ ಇನ್ನೊಬ್ಬರು. ಅಯ್ಯಾ, ಆಕ್ಸಿಡೆಂಟ್ ಆಗಿದೆ ಅಂತಲೇ ನಾನು ಹೇಳ್ತಿರೋದು. ನಿಮಗೆ ಕಾಣಲಿಲ್ಲ, ಅಷ್ಟೇ.

"ಹೀಗೆ ಕೊಟ್ಟರೆ ಎಲ್ಲರೂ ಕೆಲಸ ಬಿಡ್ತಾರೆ." ಬಿಡ್ತಾರಾ? ತಿಂಗಳಿಗೆ ಒಂಬತ್ತು ಸಾವಿರಕ್ಕೆ, ಅದೂ ಮೂರೇ ತಿಂಗಳಿಗೆ, ಅದೂ ಜನ್ಮದಲ್ಲಿ ಒಂದೇ ಸಲಕ್ಕೆ? ಮನೆ ಬಾಡಿಗೆ ಕಟ್ಟಿ ಉಳಿದಿದ್ದರಲ್ಲಿ ಗೋವಾಕ್ಕೆ ಹೋಗ್ತಾನೆ ಅಂದುಕೊಂಡಿದ್ದೀರಾ? ಮಿರ್ಚಿ ಮಂಡಕ್ಕಿಗೂ ಸಾಲಲ್ಲ ರೀ.

"ಯುವನಿಧಿ ಇದೆಯಲ್ಲ?" ಅದು ಓದು ಮುಗಿಸಿ 180 ದಿನವಾದರೂ ಕೆಲಸ ಸಿಗದವರಿಗೆ. ಮೊದಲು ಓದಿಕೊಂಡು ಬನ್ನಿ.

ಅಂದ ಹಾಗೆ, ಸಬ್‌ಸ್ಕ್ರೈಬ್ ಮಾಡದೆ ಬಂದು ಜಗಳ ಮಾಡುವವರೇ ಜಾಸ್ತಿ. ಜಗಳ ಮಾಡಿ, ಬೇಡ ಅನ್ನಲ್ಲ. ಸಬ್‌ಸ್ಕ್ರೈಬ್ ಮಾಡಿ ಮಾಡಿ.

ಜರ್ಮನಿಯಲ್ಲಿ ಸುಮ್ನೆ ಕೆಲಸ ಬಿಟ್ಟವರಿಗೆ ಸಾಮಾನ್ಯವಾಗಿ 12 ವಾರ ನಿರುದ್ಯೋಗ ಭತ್ಯೆ ತಡೆಯುತ್ತಾರೆ. ಗಟ್ಟಿ ಕಾರಣ ತೋರಿಸಿದರೆ ತಡೆಯುವುದಿಲ್ಲ. ಆರೋಗ್ಯ ಕೆಟ್ಟಿದ್ದೂ ಅಂಥ ಕಾರಣ ಆಗಬಹುದು. ನಾನು ಕೇಳ್ತಿರೋದೂ ಅಷ್ಟೇ. ಕಾರಣ ಕೇಳಿ, ಡಾಕ್ಟರ್ ಚೀಟಿ ನೋಡಿ, ಆಮೇಲೆ ಕೊಡಿ. "ಹಾಗಾದರೆ ಜರ್ಮನಿಗೆ ಹೋಗು" ಅಂತ ಬರೆಯಬೇಡಿ. ಗಂಗಾವತಿಯಿಂದ ಬಳ್ಳಾರಿಗೆ ಹೋಗಿ ಬರುವುದಕ್ಕೇ ಸೊಂಟ ಹಿಡಿದುಕೊಳ್ಳುತ್ತದೆ.

ತೋರಣಗಲ್ಲು, ಗಿಣಿಗೇರಾ ಕಡೆ ಪಾಳಿ ಮಾಡುವವರು, ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವವರು, ಒಂದು ಮಾತು ಕೇಳಿ. ಸಿಟ್ಟಿನಲ್ಲಿ ರಾಜೀನಾಮೆ ಬರೆಯುವ ಮೊದಲು ಇಎಸ್‌ಐ ಡಾಕ್ಟರ್ ಹತ್ತಿರ ಹೋಗಿ. ಕಂತು ಸರಿಯಾಗಿ ಕಟ್ಟಿದ್ದು, ಅವರು ರಜೆ ಬರೆದುಕೊಟ್ಟರೆ, ವರ್ಷಕ್ಕೆ 91 ದಿನದವರೆಗೆ ಪಗಾರದ ಶೇಕಡಾ 70 ಬರುತ್ತದೆ. ಮನಸ್ಸಿನ ಕಾಯಿಲೆಯೂ ಕಾಯಿಲೆಯೇ. ರಾತ್ರಿ ತೀರಾ ಭಾರ ಅನ್ನಿಸಿದರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್ ಅನ್ನುವ ಸರ್ಕಾರದ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ಇನ್ನು "ರಾಜೀನಾಮೆ ಕೊಟ್ಟರೆ ಗ್ರಾಚ್ಯುಟಿ ಸಿಗಲ್ಲ" ಅಂತ ಹೆದರಿಸುವ ಸಾಹೇಬರು ಇದ್ದಾರಲ್ಲ, ಅದು ಶುದ್ಧ ಸುಳ್ಳು. ಐದು ವರ್ಷ ದುಡಿದಿದ್ದರೆ ರಾಜೀನಾಮೆ ಕೊಟ್ಟರೂ ಮಾಲೀಕರಿಂದ ಆ ಇಡುಗಂಟು ಸಿಗುತ್ತದೆ, ವರ್ಷಕ್ಕೆ 15 ದಿನದ ಪಗಾರದ ಲೆಕ್ಕದಲ್ಲಿ. ಪಿಎಫ್ ಕೂಡ ನಿಮ್ಮದೇ.

ನೋಡಿ, ಗ್ರಾಚ್ಯುಟಿಗೆ ರಾಜೀನಾಮೆ ಅಡ್ಡ ಬರಲ್ಲ, ಪಿಎಫ್‌ಗೆ ಅಡ್ಡ ಬರಲ್ಲ. ಆ ಮೂರು ತಿಂಗಳ ಅರ್ಧ ಪಗಾರದ ವಿಷಯ ಬಂದಾಗ ಮಾತ್ರ ಯಾಕೆ? ನಮ್ಮ ರೊಕ್ಕ! ತಿಂಗಳು ತಿಂಗಳು ಕಡಿದಿದ್ದೀರಿ! ಕೇಳಿದರೆ ಸೋಮಾರಿ!

"ನಮ್ಮ ಅಪ್ಪ ನಲವತ್ತು ವರ್ಷ ಒಂದೇ ಕಡೆ ದುಡಿದರು, ಒತ್ತಡ ಅನ್ನಲಿಲ್ಲ" ಅಂತಲೂ ಒಬ್ಬರು ಬರೆದಿದ್ದಾರೆ. ದೊಡ್ಡವರಿಗೆ ನಮಸ್ಕಾರ. ಅವರಿಗೆ ವಾಟ್ಸಾಪ್ ಗ್ರೂಪಿನಲ್ಲಿ ರಾತ್ರಿ ಹನ್ನೊಂದಕ್ಕೆ ಟಾರ್ಗೆಟ್ ಬರ್ತಿತ್ತಾ? ಇಲ್ಲ. ಮುಗೀತು.

ಇನ್ನೂ ಎರಡು ಪಾಯಿಂಟ್ ಬರೆದುಕೊಂಡಿದ್ದೆ, ಆ ಹಾಳೆ ಫ್ಯಾನ್ ಗಾಳಿಗೆ ಮಂಚದ ಕೆಳಗೆ ಹೋಯಿತು. ಇರಲಿ ಬಿಡಿ, ನಮ್ಮ ರೊಕ್ಕ ಅಂದರೆ ನಮ್ಮ ರೊಕ್ಕ. ಈ ವಿಡಿಯೊಗೆ ಅಕ್ಕಿ ಅಂಗಡಿಯ ಗೆಳೆಯ ಸ್ಪಾನ್ಸರ್, ಸೋನಾ ಮಸೂರಿ ಬೇಕಾದರೆ ನನಗೆ ಮೆಸೇಜ್ ಮಾಡಿ. ಸೋಮಾರಿ ಅಂದ ಅಣ್ಣಾ, ನಿಮಗೂ ಕೊಡಿಸ್ತೇನೆ. ರಿಯಾಯಿತಿ ಮಾತ್ರ ಇಲ್ಲ.