ಹೆದರಿಸಿದರೆ ಮಕ್ಕಳು ಬಿಡುತ್ತಾರಾ?

ಎಲ್ಲರಿಗೂ ನಮಸ್ಕಾರ. ಜೂನ್ 26 ಬಂದರೆ ನನ್ನಂಥವರ ಕೈಗೆ ಮೈಕ್ ಸಿಗುತ್ತದೆ. 1987ರಲ್ಲಿ ವಿಶ್ವಸಂಸ್ಥೆ ಇದನ್ನು ಮಾದಕ ವಸ್ತು ವಿರೋಧಿ ದಿನ ಎಂದು ಗೊತ್ತುಮಾಡಿತು. ಪ್ರತಿ ವರ್ಷ ಅದೇ ತಲೆಬುರುಡೆಯ ಪೋಸ್ಟರ್. ಬುರುಡೆ ನೋಡಿ ಗಾಂಜಾ ಬಿಟ್ಟ ಹುಡುಗನನ್ನು ನಾನಂತೂ ಕಂಡಿಲ್ಲ. ಅದೇ ಬುರುಡೆ ಇರುವ ಟೀ ಶರ್ಟ್ ಹಾಕಿಕೊಂಡವರನ್ನು ಬೇಕಾದಷ್ಟು ಕಂಡಿದ್ದೇನೆ.

ಮೊದಲು ನನ್ನ ಇಲಿ ಕಥೆ. ಹಿಂದೆ ಕೇಳಿದವರು ಸಹಿಸಿಕೊಳ್ಳಿ, ಇಲಿ ಬಿಟ್ಟು ನನಗೆ ಮಾತಾಡಲು ಬರುವುದಿಲ್ಲ. ಕೆನಡಾದಲ್ಲಿ ಜೇಮ್ಸ್ ಓಲ್ಡ್ಸ್, ಪೀಟರ್ ಮಿಲ್ನರ್ ಎಂಬ ಇಬ್ಬರು ಒಂದು ಇಲಿಯ ಮಿದುಳಿಗೆ ತಂತಿ ಇಳಿಸಿದರು. ತಂತಿ ಹೋಗಬೇಕಾದ ಜಾಗ ಬಿಟ್ಟು ಇನ್ನೆಲ್ಲೋ ಕೂತಿತು. ಇಲಿ ಮೇಜಿನ ಒಂದು ಮೂಲೆಗೆ ಹೋದಾಗ ಕರೆಂಟ್ ಕೊಟ್ಟರು. ಓಡಿಹೋಗಬೇಕಿತ್ತು, ಅಲ್ವಾ? ಅದು ತಿರುಗಿ ಅದೇ ಮೂಲೆಗೆ ಬಂತು! ಆಮೇಲೆ ಇಲಿಗಳ ಕಾಲಿಗೆ ಸಿಗುವಂತೆ ಒಂದು ಸನ್ನೆಕೋಲು ಇಟ್ಟರು. ಒತ್ತಿದರೆ ಕರೆಂಟ್. ಒತ್ತಿದವು, ಒತ್ತಿದವು, ಗಂಟೆಗೆ ನೂರಾರು ಸಲ ಒತ್ತಿದವು. 1954ರಲ್ಲಿ ಇದು ಪ್ರಕಟವಾಯಿತು.

ಆ ತಂತಿ ಮುಟ್ಟಿದ್ದು ಮಿದುಳಿನಲ್ಲಿ 'ಇನ್ನೂ ಬೇಕು' ಎನಿಸುವ ದಾರಿಯನ್ನು. ಅಮಲು ಹಿಡಿಯುವುದೂ ಅದನ್ನೇ. ಊಟ, ಆಟ, ಹರಟೆ ಅಲ್ಲಿ ಡೋಪಮಿನ್ ಎಂಬ ರಾಸಾಯನಿಕವನ್ನು ಸ್ವಲ್ಪ ಸ್ವಲ್ಪ ಎಬ್ಬಿಸುತ್ತವೆ. ಮಾದಕ ವಸ್ತು ಒಮ್ಮೆಲೇ ಉಕ್ಕಿಸುತ್ತದೆ. ದಿನ ಕಳೆದಂತೆ ಆಟ ಸಪ್ಪೆ, ಗೆಳೆಯರು ಸಪ್ಪೆ. ಆಮೇಲೆ ತಗೊಳ್ಳುವುದು ಮಜಾಕ್ಕಲ್ಲ, ತಗೊಳ್ಳದಿದ್ದರೆ ಆಗುವ ಸಂಕಟಕ್ಕೆ. ಇನ್ನು ಹದಿಹರೆಯದಲ್ಲಿ 'ಬೇಕು' ಎನ್ನುವ ಭಾಗ ಆಗಲೇ ಚುರುಕು. 'ತಡಿ' ಎನ್ನುವ ಮುಂಭಾಗ ಬಲಿಯುವುದು ಸುಮಾರು 25ರ ಹೊತ್ತಿಗೆ. ಬೇಗ ಶುರುಮಾಡಿದವರಿಗೆ ಚಟ ಹತ್ತುವ ಅಪಾಯ ಜಾಸ್ತಿ ಇರುವುದು ಅದಕ್ಕೇ.

ವಿಶ್ವಸಂಸ್ಥೆಯ ಅಂದಾಜಿನಲ್ಲಿ 2022ರಲ್ಲಿ ಜಗತ್ತಿನ ಸುಮಾರು 29 ಕೋಟಿ ಜನ ಮಾದಕ ವಸ್ತು ಬಳಸಿದ್ದರು. ಬುರುಡೆ ಅಂಟಿಸಿದ ಮೇಲೂ!

ಅಮೆರಿಕದಲ್ಲಿ 1983ರಲ್ಲಿ 'ಡೇರ್' ಎಂಬ ಕಾರ್ಯಕ್ರಮ ಶುರುವಾಯಿತು. ಪೊಲೀಸರೇ ತರಗತಿಗೆ ಬಂದು ಪಾಠ ಮಾಡಿದರು. ಅದರಿಂದ ಮಕ್ಕಳ ಬಳಕೆ ಹೆಚ್ಚೇನೂ ಇಳಿಯಲಿಲ್ಲ ಎಂದು ಆಮೇಲೆ ಅಧ್ಯಯನಗಳು ಹೇಳಿದವು. ಯಾಕೆ ಅಂತ ನನ್ನನ್ನು ಕೇಳಿ. ಮೊದಲ ಸಲ ಕೊಡುವವನು ಸಾಮಾನ್ಯವಾಗಿ ಗೂಂಡಾ ಅಲ್ಲ, ಗೆಳೆಯ. ಅದೂ ಪುಕ್ಕಟೆ. ಮರುದಿನ ಹುಡುಗ ಎದ್ದು ಆರಾಮಾಗಿ ಓಡಾಡುತ್ತಾನೆ. 'ಸತ್ತೇ ಹೋಗ್ತೀಯ' ಎಂದಿದ್ದ ಅಪ್ಪ ಅವತ್ತೇ ಸುಳ್ಳುಗಾರ ಆದ. ಇನ್ನು ಅಪ್ಪ ನಿಜ ಹೇಳಿದರೂ ಯಾರು ಕೇಳುತ್ತಾರೆ?

ಐಸ್‌ಲ್ಯಾಂಡ್ ನೋಡಿ. 1998ರಲ್ಲಿ ಅಲ್ಲಿ 15-16ರ ಮಕ್ಕಳಲ್ಲಿ ನೂರಕ್ಕೆ 42 ಮಂದಿ ಹಿಂದಿನ ತಿಂಗಳು ಒಮ್ಮೆಯಾದರೂ ಅಮಲೇರುವಷ್ಟು ಕುಡಿದಿದ್ದರು. 2016ರಲ್ಲಿ 5 ಮಂದಿ. ಗಾಂಜಾ ಸೇದಿ ನೋಡಿದವರು 17ರಿಂದ 7ಕ್ಕೆ ಇಳಿದರು. ಆಟ, ಸಂಗೀತಕ್ಕೆ ಸರ್ಕಾರ ದುಡ್ಡು ಕೊಟ್ಟಿತು. ಅಪ್ಪ ಅಮ್ಮ ಮಕ್ಕಳ ಜೊತೆ ಜಾಸ್ತಿ ಹೊತ್ತು ಕಳೆದರು. ರಾತ್ರಿ ಹೊರಗೆ ತಿರುಗಲು ಹೊತ್ತಿನ ಮಿತಿಯೂ ಇತ್ತು, ಅದನ್ನು ಮುಚ್ಚಿಡುವುದಿಲ್ಲ.

ಚೀಟಿ ಬಂತು. ಎರಡು ನಿಮಿಷವಂತೆ. ಇಲಿ ಸಮಯ ತಿಂದಿತು. ಲಕ್ಷಣ, ಚಿಕಿತ್ಸೆ ಎಲ್ಲ ಬರೆದುಕೊಂಡು ಬಂದಿದ್ದೆ. ಇರಲಿ, ಒಂದೇ ಹೇಳುತ್ತೇನೆ. ಯಾರಾದರೂ ತಗೊಂಡು ಪ್ರಜ್ಞೆ ತಪ್ಪಿದರೆ, ಉಸಿರಾಡುತ್ತಿದ್ದರೆ ಒಂದು ಮಗ್ಗುಲಿಗೆ ಮಲಗಿಸಿ. ಒಬ್ಬರನ್ನೇ ಬಿಡಬೇಡಿ. ಕೂಡಲೇ ಆಂಬುಲೆನ್ಸ್ ಕರೆಸಿ. ಏನು ತಗೊಂಡರು ಎಂದು ಡಾಕ್ಟರಿಗೆ ನಿಜ ಹೇಳಿ. ಹೆರಾಯಿನ್ ಥರದ್ದಾದರೆ ನಲಾಕ್ಸೋನ್ ಎಂಬ ಮದ್ದು ಇದೆ, ಹೊತ್ತಿಗೆ ಕೊಟ್ಟರೆ ಜೀವ ಉಳಿಯಬಹುದು. ಆದರೆ ಜೊತೆಗಿದ್ದವರು ಬೈಗುಳಕ್ಕೆ, ಕೇಸಿಗೆ ಹೆದರಿ ಓಡಿಹೋಗುತ್ತಾರೆ. ನೋಡಿ, ಇಲ್ಲೂ ಹೆದರಿಕೆಯೇ!

ಪ್ರಶ್ನೆಗಳಿದ್ದರೆ ಕೇಳಿ. ಮುಂದಿನ ಸಾಲಿನ ಹಿರಿಯರು ಸ್ವಲ್ಪ ತಡೆಯಿರಿ, ಮೈಕ್ ಮೊದಲು ಹಿಂದೆ ಕೂತ ಹುಡುಗರಿಗೆ ಕೊಡಿ.