ಎಚ್‌ಡಿ ಬಾಕ್ಸ್ ಹಾಕ್ಸಿದ್ರೂ ಪಿಕ್ಚರ್ ಯಾಕ ಮಬ್ಬ ಐತಿ?

ನಮಸ್ಕಾರ್ರಿ ಎಲ್ಲಾರಿಗೂ, ವಿಜಯಪುರದಾಗ ನಮ್ಮ ಕಾಕಾರ ಮನ್ಯಾಗ ಅದೀನಿ, ಹೊಸಾ ದೊಡ್ಡ ಟಿವಿ ತಂದಾರ, ಅದರ ಜೋಡಿ ಎಚ್‌ಡಿ ಡಿಶ್ ಬಾಕ್ಸೂ ಹಾಕ್ಸ್ಯಾರ, ಆದ್ರೂ "ಏನೂ ಫರಕ್ ಕಾಣವಲ್ದಲ್ಲೋ ತಮ್ಮಾ" ಅಂತಾರ. ಬಾಕ್ಸಿನ ಹಿಂದ ನೋಡ್ರಿ. ಹಳದಿ, ಬಿಳಿ, ಕೆಂಪು ಪಿನ್ನಿನ ಹಳೇ ಎವಿ ವೈರ್! ಈ ಹಳದಿ ವೈರಿನ್ಯಾಗ ಎಚ್‌ಡಿ ಬರಂಗೇ ಇಲ್ರಿ. ಎಚ್‌ಡಿಎಂಐ ಕೇಬಲ್ ಹಾಕಿದೆ, ಸೆಟ್ಟಿಂಗ್ಸ್‌ನ್ಯಾಗ ಹೋಗಿ ವಿಡಿಯೋ ಔಟ್‌ಪುಟ್ 576 ಇದ್ದದ್ದನ್ನ 1080ಐಗೆ ಇಟ್ಟೆ, ಈಗ ನೋಡ್ರಿ, ಆಂಕರ್ ಸೀರಿ ಮ್ಯಾಲಿನ ಜರಿ ಎಳಿ ಎಳಿ ಕಾಣಾಕತ್ತೈತಿ.

ಸಾದಾ ಎಸ್‌ಡಿ ಪಿಕ್ಚರ್ ಅಂದ್ರ 720 ಅಡ್ಡ, 576 ಉದ್ದ ಚುಕ್ಕಿ, ಎಚ್‌ಡಿ ಅಂದ್ರ 1920 ಅಡ್ಡ, 1080 ಉದ್ದ, ಅಂದ್ರ ಹತ್ತತ್ರ ಐದು ಪಟ್ಟು. ಆದ್ರ ಬಾಕ್ಸ್ ಒಂದ ಎಚ್‌ಡಿ ಆದ್ರ ಸಾಲಂಗಿಲ್ಲ, ಚಾನೆಲ್ಲೂ ಎಚ್‌ಡಿ ಇರಬೇಕು. ಕಲರ್ಸ್ ಕನ್ನಡ, ಝೀ ಕನ್ನಡ, ಸ್ಟಾರ್ ಸುವರ್ಣ ಇವಕ್ಕ ಎಚ್‌ಡಿ ಚಾನೆಲ್ ಬ್ಯಾರೇನ ಅದಾವ, ಬ್ಯಾರೆ ನಂಬರ್, ಬ್ಯಾರೆ ರೊಕ್ಕ. ಎಸ್‌ಡಿ ಚಾನೆಲ್ ಹಚ್ಚಿದ್ರ ಬಾಕ್ಸ್ ಅದನ್ನ ಹಿಗ್ಗಿಸಿ ತೋರಸ್ತೈತಿ ಅಷ್ಟ, ಇಲ್ಲದ ಚುಕ್ಕಿ ಎಲ್ಲಿಂದ ತರಬೇಕ್ರಿ ಅದು. ಎಚ್‌ಡಿ ಚಾನೆಲ್‌ನ್ಯಾಗ ಹಳೇ ಸಿನಿಮಾ ಬಂದ್ರೂ ಪ್ರಿಂಟ್ ಹೆಂಗೈತಿ ಹಂಗ. ಟಿವಿ ಫೋರ್‌ಕೆ ಇದ್ರೂ ಬಾಕ್ಸ್ ಕೊಡೋದು 1080ಐ, ಅಂದ್ರ ಒಂದ್ಸಲ ಸಮ ಗೆರಿ, ಇನ್ನೊಂದ್ಸಲ ಬೆಸ ಗೆರಿ, ಸೆಕೆಂಡಿಗೆ 50 ಸಲ, ಅದನ್ನ ಕೂಡ್ಸೋದು ಟಿವಿ ಕೆಲಸ, ಅದಕ್ಕ ಅಗ್ಗದ ಟಿವ್ಯಾಗ ಕ್ರಿಕೆಟ್ ಬಾಲ್ ಓಡೋ ಮುಂದ ಅಂಚು ಹರದಂಗ ಕಾಣ್ತೈತಿ.

ಈಗ ಮಾಳಗಿ ಮ್ಯಾಲೆ ಬಂದೀನಿ. ಡಿಶ್ ಆಗ್ನೇಯಕ್ಕ ಮುಖ ಮಾಡೇತಿ ನೋಡ್ರಿ. ಉದಾಹರಣಿಗೆ, ಡಿಡಿ ಫ್ರೀ ಡಿಶ್ ಬರೋ ಜಿಸ್ಯಾಟ್-15 ಉಪಗ್ರಹ ಇರೋದು 93.5 ಡಿಗ್ರಿ ಪೂರ್ವಕ್ಕ, ಭೂಮಧ್ಯರೇಖೆ ಮ್ಯಾಲೆ ಸುಮಾರು 36 ಸಾವಿರ ಕಿಲೋಮೀಟರ್ ಎತ್ತರದಾಗ, ನಮ್ಮ ಊರಿಂದ ನೋಡಿದ್ರ ಅದು ಬರೋಬ್ಬರಿ ಈ ದಿಕ್ಕು. ಹಂಗಾಗಿ ಆ ಕಡೆ ಮಾಡ ಕಟ್ಟಿತು ಅಂದ್ರ ನಮ್ಮ ಅಂಗಳದಾಗ ಒಂದ ಹನಿ ಬೀಳದಿದ್ರೂ ಪಿಕ್ಚರ್ ಚೌಕ ಚೌಕ ಒಡದು ನೋ ಸಿಗ್ನಲ್ ಅಂತೈತಿ. ಡಿಶ್‌ಗೆ ಬರೋದು ಕೆಯು ಬ್ಯಾಂಡ್ ಅನ್ನೋ ರೇಡಿಯೋ ಅಲಿ, ಮಳಿ ಹನಿ ಅದನ್ನ ಕುಡದ ಬಿಡ್ತಾವ, ಅದರಾಗೂ ಎಚ್‌ಡಿ ಚಾನೆಲ್ ಭಾಳ ಸಲ ಮೊದ್ಲ ಹೋಗ್ತಾವ, ಯಾಕಂದ್ರ ಅಷ್ಟ ಜಾಗದಾಗ ಹೆಚ್ಚು ಡೇಟಾ ತುರುಕಿರ್ತಾರ. ಇದಕ್ಕ ಬಾಕ್ಸ್ ಬದಲಿ ಮಾಡಿ ಉಪಯೋಗ ಇಲ್ಲ, ಡಿಶ್ ದೊಡ್ಡದಾದ್ರ ಸ್ವಲ್ಪ ತಡಕೋತೈತಿ.

ಕನೆಕ್ಟರ್ ಬಿಚ್ಚಿ ತೋರಸ್ತೀನಿ, ಒಳಗ ತಾಮ್ರದ ತಂತಿ ಹಸರಗಟ್ಟೇತಿ, ನೀರ ಇಳದೈತಿ. ಕೇಬಲ್ ತುದಿ ಹೊಸದಾಗಿ ಕತ್ತರಿಸಿ ಬಿಗದು, ಎಲ್‌ಎನ್‌ಬಿ (ಡಿಶ್ ಮುಂದ ಸಿಗ್ನಲ್ ಹಿಡಿಯೋ ಸಣ್ಣ ಡಬ್ಬಿ) ಕೆಳಗ ವೈರ್ ಸ್ವಲ್ಪ ಜೋತು ಬಿಟ್ರಿ ಅಂದ್ರ ನೀರು ಅಲ್ಲೇ ತೊಟ್ಟಿಕ್ತೈತಿ, ಒಳಗ ಹೋಗಂಗಿಲ್ಲ. ಮಾರ್ಚ್ ನಡಕ, ಸೆಪ್ಟೆಂಬರ್ ಕೊನೀಗೆ ಮುಂಜಾನೆ ಹನ್ನೊಂದರ ಸುಮಾರಿಗೆ ಕೆಲವು ದಿನ ಸ್ವಲ್ಪ ಹೊತ್ತು ಸಿಗ್ನಲ್ ಹೋದ್ರ ಗಾಬರಿ ಆಗಬ್ಯಾಡ್ರಿ, ಸೂರ್ಯ ಉಪಗ್ರಹದ ಬೆನ್ನ ಹಿಂದ ಬಂದಿರ್ತಾನ.

ರೊಕ್ಕದ ಮಾತು. 2019ರಿಂದ ಚಾನೆಲ್ ಒಂದೊಂದ ಆರಿಸ್ಕೊಳ್ಳಾಕ ಬರ್ತೈತಿ, ಪೂರಾ ಎಚ್‌ಡಿ ಪ್ಯಾಕ್ ಯಾಕ, ನೋಡೋವಷ್ಟ ತಗೋರಿ. ಒಂದ್ ಕಂಪನಿ ಬಾಕ್ಸ್ ಇನ್ನೊಂದರ ಡಿಶ್‌ಗೆ ನಡಿಯಂಗಿಲ್ಲ, ಅದೂ ಗೊತ್ತಿರ್ಲಿ.

ನನಗ ಖರೇನ ಬ್ಯಾಸರ ಆಗೋದು ರೆಕಾರ್ಡಿಂಗ್ ವಿಷಯದಾಗ. ಯುಎಸ್‌ಬಿ ಹಾರ್ಡ್‌ಡಿಸ್ಕ್ ಹಚ್ಚಿ ರೆಕಾರ್ಡ್ ಮಾಡೋ ಬಾಕ್ಸ್ ಅದಾವ, ಚಲೋ ಸೌಲಭ್ಯ, ಚಿಗವ್ವ ಹೊಲದಿಂದ ಬಂದ ಮ್ಯಾಲೆ ಸೀರಿಯಲ್ ನೋಡ್ತಾಳ. ಆದ್ರ ಮೊದ್ಲ ಆ ಡಿಸ್ಕ್ ಫಾರ್ಮ್ಯಾಟ್ ಕೇಳ್ತೈತಿ, ಅದರಾಗಿನ ನಿಮ್ಮ ಫೋಟೋ ಎಲ್ಲಾ ಹೋಗ್ತಾವ, ಮತ್ತ ರೆಕಾರ್ಡ್ ಆದದ್ದಕ್ಕ ಕೀಲಿ ಹಾಕಿರ್ತಾರ, ಕಂಪ್ಯೂಟರ್‌ಗೆ ಹಚ್ಚಿದ್ರ ಓಡಂಗಿಲ್ಲ, ಬಾಕ್ಸ್ ಸುಟ್ಟು ಬ್ಯಾರೆ ಬಾಕ್ಸ್ ಬಂತು ಅಂದ್ರ ಅದರಾಗೂ ಸಾಮಾನ್ಯವಾಗಿ ಓಡಂಗಿಲ್ಲ. ಎರಡು ಟ್ಯೂನರ್, ಅಂದ್ರ ಬಾಕ್ಸಿನ್ಯಾಗ ಚಾನೆಲ್ ಹಿಡಿಯೋ ಭಾಗ, ಇಲ್ಲದಿದ್ರ ಒಂದು ರೆಕಾರ್ಡ್ ಆಗೋ ಮುಂದ ಇನ್ನೊಂದು ಚಾನೆಲ್ ನೋಡೋದೂ ಕಷ್ಟ. ಅಂಗಡ್ಯಾಗ ಇದನ್ನ ಯಾರೂ ತಾವಾಗೇ ಹೇಳಂಗಿಲ್ಲ, ಟ್ಯೂನರ್ ಎಷ್ಟ್ ಅದಾವ ಅಂತ ನೀವ ಕೇಳ್ರಿ.